ರದ್ದಿಗೆ ಹೋಗದಿರಲಿ ಹಕ್ಕಿಯ ಲೆಕ್ಕ

ಅಲನ್ ಆಕ್ಟೇವಿಯನ್ ಹ್ಯೂಮ್ ಎಂಬ ಹೆಸರನ್ನು ಶಾಲೆಯ ಇತಿಹಾಸದ ಪಾಠದಲ್ಲಿ ಎಲ್ಲರೂ ಓದಿರುತ್ತೇವೆ. 1885ರಲ್ಲಿ ಭಾರತೀಯ ರಾಷ್ಟ್ರೀಯ ಕಾಂಗ್ರೆಸ್ಸಿನ ಸ್ಥಾಪನೆಗೆ ಮುಂದಾದ ಬ್ರಿಟಿಷ್ ಅಧಿಕಾರಿ ಅವರು. ಪಾಠದಲ್ಲಿ ಬಾರದ ಸಂಗತಿ ಇನ್ನೊಂದಿದೆ. ಹ್ಯೂಮ್ ಅವರಿಗೆ ಹಕ್ಕಿಗಳ ಹುಚ್ಚು. ದೇಶದ ಮೂಲೆ ಮೂಲೆಯಲ್ಲಿದ್ದ ಅಧಿಕಾರಿಗಳಿಂದ, ಸೈನಿಕರಿಂದ ಪತ್ರ ತರಿಸಿಕೊಂಡು ಯಾವ ಹಕ್ಕಿ ಎಲ್ಲಿ, ಯಾವಾಗ ಕಂಡಿತೆಂದು ಬರೆದಿಡುತ್ತಿದ್ದರು. ಅದಕ್ಕೆಂದೇ ‘ಸ್ಟ್ರೇ ಫೆದರ್ಸ್’ ಎಂಬ ಪತ್ರಿಕೆಯನ್ನೂ ನಡೆಸಿದರು. ಭಾರತದ ಹಕ್ಕಿಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆಯಬೇಕೆಂಬ ಆಸೆಯಿಂದ ಸುಮಾರು ಇಪ್ಪತ್ತೈದು ವರ್ಷಗಳ ಟಿಪ್ಪಣಿಗಳನ್ನು ಶಿಮ್ಲಾದ ತಮ್ಮ ಬಂಗಲೆಯಲ್ಲಿ ಕೂಡಿಹಾಕಿದ್ದರು.

ಒಂದು ಚಳಿಗಾಲ ಅವರು ಊರಲ್ಲಿ ಇರಲಿಲ್ಲ. ಮನೆಯ ಆಳೊಬ್ಬ ಆ ಕಾಗದದ ರಾಶಿಯನ್ನೆಲ್ಲ ಪೇಟೆಗೆ ಒಯ್ದು ರದ್ದಿಯ ಲೆಕ್ಕದಲ್ಲಿ ತೂಗಿ ಮಾರಿಬಿಟ್ಟ. ಹ್ಯೂಮ್ ಮರಳಿ ಬಂದು ನೋಡಿದಾಗ ಇಪ್ಪತ್ತೈದು ವರ್ಷಗಳ ಲೆಕ್ಕ ಅಂಗಡಿಗಳ ಪೊಟ್ಟಣವಾಗಿ ಹೋಗಿತ್ತು. ಆ ಗ್ರಂಥ ಕೊನೆಗೂ ಬರಲಿಲ್ಲ. ತಮ್ಮಲ್ಲಿದ್ದ ಹತ್ತಾರು ಸಾವಿರ ಹಕ್ಕಿಗಳ ಮಾದರಿಗಳನ್ನೂ ಮೊಟ್ಟೆಗಳನ್ನೂ ಅವರು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಕೊಟ್ಟುಬಿಟ್ಟರು.

ಆದರೆ ಅದೇ ಕಾಲದಲ್ಲಿ ಅಚ್ಚಾಗಿದ್ದುದು ಉಳಿಯಿತು. ಆಗ ಬೆಳಗಾವಿಯಲ್ಲಿ ಪಲ್ಟನ್ನಿನೊಂದಿಗೆ ಇದ್ದ ಕ್ಯಾಪ್ಟನ್ ಬಟ್ಲರ್ ಎಂಬುವರು ದಖ್ಖನ್ ಮತ್ತು ದಕ್ಷಿಣ ಮರಾಠಾ ಸೀಮೆಯ ಹಕ್ಕಿಗಳ ಒಂದು ದೊಡ್ಡ ಪಟ್ಟಿ ಮಾಡಿದ್ದರು. ದಕ್ಷಿಣ ಮರಾಠಾ ಸೀಮೆ ಎಂದರೆ ನಮ್ಮ ಬೆಳಗಾವಿ, ಧಾರವಾಡದ ಕಡೆಯೇ. ಆ ಪಟ್ಟಿ 1881ರಲ್ಲಿ ಹ್ಯೂಮ್ ಅವರ ಪತ್ರಿಕೆಯಲ್ಲಿ ಪ್ರಕಟವಾಯಿತು. ನಮ್ಮ ಸೀಮೆಯಲ್ಲಿ ನೂರಾ ನಲವತ್ತು ವರ್ಷಗಳ ಹಿಂದೆ ಯಾವ ಹಕ್ಕಿಗಳಿದ್ದವೆಂದು ಇಂದು ಯಾರಾದರೂ ಹೇಳಬಲ್ಲರಾದರೆ ಅದು ಆ ಪುಟಗಳ ದಯೆಯಿಂದ. ಒಬ್ಬರ ಮನೆಯ ಗಂಟಾಗಿ ಉಳಿದದ್ದು ರದ್ದಿಯಾಯಿತು, ನಾಲ್ಕು ಜನರ ಕೈಗೆ ಸೇರಿದ್ದು ಉಳಿಯಿತು.

ಈಗ ಹಾಗೆ ನಾಲ್ಕು ಜನರ ಕೈಗೆ ಸೇರಿಸಲು ಅಚ್ಚಿನ ಮನೆಗೆ ಹೋಗಬೇಕಿಲ್ಲ. ಮನೆಯಲ್ಲೇ ಕುಳಿತು, ಹಳೆಯ ವಹಿಯಲ್ಲಿರುವ ಹಕ್ಕಿಗಳ ಲೆಕ್ಕವನ್ನು ಜಗತ್ತಿನ ಒಂದು ದೊಡ್ಡ ಖಾತೆಗೆ ಸೇರಿಸಬಹುದು. ಸೇರಿಸಿದ ಮೇಲೆ ಆ ಖಾತೆಯನ್ನು ತಿರುವಿ ಹಾಕಿ ಪ್ರಶ್ನೆಗಳನ್ನೂ ಕೇಳಬಹುದು. ಅದು ಹೇಗೆ, ಮತ್ತು ಯಾಕೆ ಎಂದು ಹೇಳುವುದೇ ಈ ಲೇಖನದ ಉದ್ದೇಶ.

ಕೀರ್ದಿ ಮತ್ತು ಖತಾವಣಿ

ಆ ಖಾತೆಯ ಹೆಸರು ‘ಇ-ಬರ್ಡ್’. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಪಕ್ಷಿ ಅಧ್ಯಯನ ಸಂಸ್ಥೆ ಮತ್ತು ಆಡುಬಾನ್ ಸೊಸೈಟಿ ಸೇರಿ 2002ರಲ್ಲಿ ಇದನ್ನು ಆರಂಭಿಸಿದವು. ಹಣ ಕೊಡಬೇಕಿಲ್ಲ. ಕಂಪ್ಯೂಟರಿನಲ್ಲಿ ತೆರೆಯಬಹುದು, ಮೊಬೈಲಿನಲ್ಲಿಯೂ ಬಳಸಬಹುದು. 2021ರ ಹೊತ್ತಿಗೆ ಅದರಲ್ಲಿ ಸೇರಿದ್ದ ನಮೂದುಗಳ ಸಂಖ್ಯೆ ನೂರು ಕೋಟಿ ದಾಟಿತ್ತು. ನಮ್ಮ ದೇಶದಲ್ಲಿ ‘ಬರ್ಡ್ ಕೌಂಟ್ ಇಂಡಿಯಾ’ ಎಂಬ ಒಕ್ಕೂಟ ಇದರ ಬಳಕೆಯನ್ನು ಹಬ್ಬಿಸುತ್ತಿದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ಕಂಪ್ಯೂಟರ್ ಬರುವ ಮೊದಲು ದಿನದ ವ್ಯವಹಾರವನ್ನೆಲ್ಲ ಮೊದಲು ಕೀರ್ದಿಯಲ್ಲಿ ಬರೆದು, ಅನಂತರ ಒಂದೊಂದನ್ನೇ ಆಯಾ ಹೆಸರಿನ ಖಾತೆಗೆ, ಅಂದರೆ ಖತಾವಣಿಗೆ, ಎತ್ತಿ ಹಾಕುತ್ತಿದ್ದೆವು. ಕೀರ್ದಿ ನೋಡಿದರೆ ಸೋಮವಾರ ಏನೇನಾಯಿತು ಎಂದು ತಿಳಿಯುತ್ತದೆ. ಖತಾವಣಿ ನೋಡಿದರೆ ಒಬ್ಬ ಗ್ರಾಹಕನ ಹತ್ತು ವರ್ಷಗಳ ಹಣೆಬರಹ ತಿಳಿಯುತ್ತದೆ. ಎರಡರಲ್ಲೂ ಇರುವುದು ಅದೇ ಅಂಕಿಗಳು, ಜೋಡಿಸಿದ ರೀತಿ ಮಾತ್ರ ಬೇರೆ.

ಇ-ಬರ್ಡ್ ಮಾಡುವುದೂ ಇದನ್ನೇ. ನೀವು ಒಂದು ಮುಂಜಾನೆ ಹೊಲದ ಬದುವಿನ ಮೇಲೆ ಅಡ್ಡಾಡಿ ಕಂಡ ಹಕ್ಕಿಗಳ ಪಟ್ಟಿ ಬರೆದರೆ ಅದು ಕೀರ್ದಿ. ಅದನ್ನು ಒಳಗೆ ಹಾಕಿದ ಕೂಡಲೇ ಗೊರವಂಕದ ಲೆಕ್ಕ ಗೊರವಂಕದ ಖಾತೆಗೆ, ಮಿಂಚುಳ್ಳಿಯ ಲೆಕ್ಕ ಮಿಂಚುಳ್ಳಿಯ ಖಾತೆಗೆ, ಬೆಳಗಾವಿ ಜಿಲ್ಲೆಯ ಲೆಕ್ಕ ಜಿಲ್ಲೆಯ ಖಾತೆಗೆ ತಾನಾಗಿ ಹೋಗಿ ಕೂರುತ್ತದೆ. ಎತ್ತಿ ಬರೆಯುವ ಕೆಲಸ ಯಂತ್ರದ್ದು. ನೋಡಿ ಬರೆಯುವ ಕೆಲಸ ಮಾತ್ರ ನಮ್ಮದು.

ಹಳೆಯ ಲೆಕ್ಕಕ್ಕೆ ಏಕಿಷ್ಟು ಬೆಲೆ?

ಇಂದಿನ ಹಕ್ಕಿಗಳನ್ನು ಇಂದಿನವರು ಬರೆಯುತ್ತಾರೆ, ಮೂವತ್ತು ವರ್ಷಗಳ ಹಿಂದಿನದನ್ನು ಕಟ್ಟಿಕೊಂಡು ಏನಾಗಬೇಕು ಎಂದು ಕೇಳಬಹುದು. ಉತ್ತರಕ್ಕೆ ರಣಹದ್ದಿನ ಕಥೆ ಸಾಕು.

1980ರ ದಶಕದಲ್ಲಿ ಬಿಳಿ ಬೆನ್ನಿನ ರಣಹದ್ದು ನಮ್ಮ ದೇಶದಲ್ಲಿ ಎಷ್ಟು ಸಾಮಾನ್ಯವಾಗಿತ್ತೆಂದರೆ, ಅದನ್ನು ಎಣಿಸುವವರು ಹುಚ್ಚರು ಎನ್ನಿಸುವಂತಿತ್ತು. ಆದರೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿ ವಿಭು ಪ್ರಕಾಶ್ ರಾಜಸ್ಥಾನದ ಭರತಪುರದಲ್ಲಿರುವ ಕೇವಲಾದೇವ ಉದ್ಯಾನದಲ್ಲಿ ಎಣಿಸಿದ್ದರು. 1987-88ರಲ್ಲಿ ಅಲ್ಲಿ ಗೂಡು ಕಟ್ಟಿದ ಜೋಡಿಗಳು 350ಕ್ಕೂ ಹೆಚ್ಚು. ಸುಮಾರು ಹತ್ತು ವರ್ಷಗಳ ಮೇಲೆ ಮತ್ತೆ ಎಣಿಸಿದಾಗ ಆ ಸಂಖ್ಯೆ ಅರ್ಧಕ್ಕಿಂತ ಕೆಳಗಿತ್ತು. 1990ರ ದಶಕ ಮುಗಿಯುವಷ್ಟರಲ್ಲಿ ಇಪ್ಪತ್ತರ ಆಸುಪಾಸಿಗೆ ಬಂದಿತ್ತು. ‘ಯಾಕೋ ರಣಹದ್ದು ಕಾಣುತ್ತಿಲ್ಲ’ ಎಂದು ಊರೂರಲ್ಲಿ ಜನ ಮಾತಾಡಿಕೊಳ್ಳುತ್ತಿದ್ದರು ನಿಜ. ಆದರೆ ಮಾತನ್ನು ಸಾಕ್ಷಿಯಾಗಿ ತೆಗೆದುಕೊಳ್ಳುವವರು ಯಾರು? ಹಳೆಯ ಎಣಿಕೆ ಬರಹದಲ್ಲಿ ಇದ್ದುದರಿಂದಲೇ ಜಗತ್ತು ನಂಬಿತು. ಹುಡುಕಾಟ ಶುರುವಾಯಿತು. ದನಗಳಿಗೆ ನೋವು ನಿವಾರಣೆಗೆಂದು ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವೇ ಕಾರಣವೆಂದು ಗೊತ್ತಾಯಿತು. ಆ ಔಷಧ ಪಡೆದು ಸತ್ತ ದನದ ಮಾಂಸ ತಿಂದ ಹದ್ದುಗಳ ಮೂತ್ರಪಿಂಡ ಕೆಡುತ್ತಿತ್ತು. 2006ರಲ್ಲಿ ಭಾರತ ಸರ್ಕಾರ ದನಗಳಿಗೆ ಅದರ ಬಳಕೆಯನ್ನು ನಿಷೇಧಿಸಿತು.

ಮೊದಲ ಎಣಿಕೆಯ ಪುಟ ರದ್ದಿಗೆ ಹೋಗಿದ್ದರೆ? ಎರಡನೆಯ ಎಣಿಕೆಗೆ ಅರ್ಥವೇ ಇರುತ್ತಿರಲಿಲ್ಲ. ಆರಂಭದ ಶಿಲ್ಕು ಗೊತ್ತಿಲ್ಲದೆ ಕೊನೆಯ ಶಿಲ್ಕನ್ನಷ್ಟೇ ನೋಡಿ ನಷ್ಟವೋ ಲಾಭವೋ ಹೇಳಲು ಬರುವುದಿಲ್ಲ.

ನಮ್ಮ ರಾಜ್ಯದ ಹಕ್ಕಿಯ ಸಂಗತಿ

2023ರ ಆಗಸ್ಟಿನಲ್ಲಿ ‘ಭಾರತದ ಹಕ್ಕಿಗಳ ಸ್ಥಿತಿಗತಿ’ ಎಂಬ ವರದಿ ಹೊರಬಂತು. ಹದಿಮೂರು ಸಂಸ್ಥೆಗಳು ಸೇರಿ ಮಾಡಿದ ವರದಿ. ಅದಕ್ಕೆ ಆಧಾರ ದೇಶದ ಸುಮಾರು 30,000 ಹಕ್ಕಿವೀಕ್ಷಕರು ಇ-ಬರ್ಡಿಗೆ ಸೇರಿಸಿದ ಸುಮಾರು 3 ಕೋಟಿ ನಮೂದುಗಳು. ಆ ಮೂವತ್ತು ಸಾವಿರ ಜನರಲ್ಲಿ ವಿಜ್ಞಾನಿಗಳು ಕೆಲವರು. ಉಳಿದವರು ಶಿಕ್ಷಕರು, ವಿದ್ಯಾರ್ಥಿಗಳು, ಗೃಹಿಣಿಯರು, ನಿವೃತ್ತರು, ಹೀಗೆ ನಮ್ಮ ನಿಮ್ಮಂಥವರು.

ವರದಿ 942 ಜಾತಿಯ ಹಕ್ಕಿಗಳನ್ನು ಪರಿಶೀಲಿಸಿತು. 178 ಜಾತಿಗಳನ್ನು ತುರ್ತಾಗಿ ಕಾಪಾಡಬೇಕಾದ ಪಟ್ಟಿಗೆ ಸೇರಿಸಿತು. ಕುಸಿಯುತ್ತಿರುವ ಸಾಮಾನ್ಯ ಹಕ್ಕಿಗಳ ಸಾಲಿನಲ್ಲಿ ಒಂದು ಹೆಸರು ನಮ್ಮನ್ನು ನಿಲ್ಲಿಸಿ ಓದಿಸುತ್ತದೆ: ನೀಲಕಂಠ. ಇದು ನಮ್ಮ ಕರ್ನಾಟಕದ ರಾಜ್ಯಪಕ್ಷಿ. ಹೊಲದ ಬದಿಯ ತಂತಿಯ ಮೇಲೆ ಸುಮ್ಮನೆ ಕುಳಿತು, ಹಾರಿದಾಗ ಮಾತ್ರ ರೆಕ್ಕೆಯ ನೀಲಿಯನ್ನು ಬಿಚ್ಚಿ ತೋರಿಸುವ ಹಕ್ಕಿ. ದಸರೆಯ ದಿನ ಇದನ್ನು ಕಂಡರೆ ಶುಭ ಎಂಬ ನಂಬಿಕೆ ದೇಶದ ಹಲವು ಕಡೆ ಇದೆ. ಜಗತ್ತಿನ ಅಪಾಯದ ಪಟ್ಟಿಯಲ್ಲಿ ಇದರ ಸ್ಥಾನವನ್ನು ಮತ್ತೊಮ್ಮೆ ಪರಿಶೀಲಿಸಬೇಕೆಂದು ವರದಿ ಶಿಫಾರಸು ಮಾಡಿದ 14 ಜಾತಿಗಳಲ್ಲಿ ನೀಲಕಂಠವೂ ಒಂದು.

ಆದರೆ ಲೆಕ್ಕದ ಮನುಷ್ಯನಾದ ನನ್ನನ್ನು ಕಾಡಿದ ಅಂಕಿ ಬೇರೆ. ದೀರ್ಘಕಾಲದ ಏರಿಳಿತ ತಿಳಿಯಲು ವರದಿ ಇಂದಿನ ಲೆಕ್ಕವನ್ನು 2000ಕ್ಕಿಂತ ಹಿಂದಿನ ಲೆಕ್ಕದ ಜೊತೆ ಹೋಲಿಸುತ್ತದೆ. ಹಾಗೆ ಹೋಲಿಸಲು ಸಾಧ್ಯವಾದದ್ದು 942ರಲ್ಲಿ 338 ಜಾತಿಗಳಿಗೆ ಮಾತ್ರ. ಆ 338ರಲ್ಲಿ ನೂರಕ್ಕೆ ಅರುವತ್ತು ಜಾತಿಗಳು ಇಳಿಮುಖವಾಗಿವೆ. ಉಳಿದ 604 ಜಾತಿಗಳ ಗತಿ? ಏರಿವೆಯೋ, ಇಳಿದಿವೆಯೋ, ಹಾಗೇ ಇವೆಯೋ, ಹೇಳುವಷ್ಟು ಲೆಕ್ಕ ಕೈಯಲ್ಲಿ ಇಲ್ಲ. 2000ಕ್ಕಿಂತ ಹಿಂದಿನ ಲೆಕ್ಕ ಎಲ್ಲಿದೆ? ಅದರ ಒಂದು ಪಾಲಾದರೂ ಹಳೆಯ ಡೈರಿಗಳಲ್ಲಿ, ಶಾಲೆಯ ನಿಸರ್ಗ ಸಂಘದ ವಹಿಗಳಲ್ಲಿ, ಕ್ಯಾಲೆಂಡರಿನ ಹಿಂಬದಿಯಲ್ಲಿ, ಅಟ್ಟದ ಮೇಲಿನ ತಗಡಿನ ಪೆಟ್ಟಿಗೆಯಲ್ಲಿ ಇದೆ. ಅವನ್ನು ಬರೆದವರಿಗೆ ಈಗ ಎಪ್ಪತ್ತು, ಎಂಬತ್ತು. ಪ್ರತಿವರ್ಷ ದೀಪಾವಳಿಗೆ ಮನೆ ಸಾರಿಸಿ ಸುಣ್ಣ ಬಳಿಯುವಾಗ ರದ್ದಿಯವನ ತಕ್ಕಡಿ ಬಾಗಿಲಿಗೆ ಬರುತ್ತದೆ.

ವಹಿಯಿಂದ ಖಾತೆಗೆ

ಒಂದೆರಡು ದಿನದ ಪಟ್ಟಿಯಾದರೆ ಇ-ಬರ್ಡಿನಲ್ಲಿ ಒಂದೊಂದಾಗಿ ಕೈಯಿಂದಲೇ ತುಂಬಬಹುದು. ಊರು, ದಿನಾಂಕ ಕೊಟ್ಟರೆ ಆ ಭಾಗದಲ್ಲಿ ಕಾಣಬಹುದಾದ ಹಕ್ಕಿಗಳ ಪಟ್ಟಿಯನ್ನು ಅದೇ ಮುಂದಿಡುತ್ತದೆ. ಎಷ್ಟು ಹೊತ್ತು ನೋಡಿದ್ದು, ಎಷ್ಟು ದೂರ ನಡೆದದ್ದು ಎಂದು ವಹಿಯಲ್ಲಿ ಬರೆದಿಲ್ಲದಿದ್ದರೆ ‘ಹಿಸ್ಟಾರಿಕಲ್’ ಎಂಬ ಬಗೆಯನ್ನು ಆರಿಸಬೇಕು. ನೆನಪಿಲ್ಲದ ಗಂಟೆ ನಿಮಿಷಗಳನ್ನು ಅಂದಾಜಿನಿಂದ ತುಂಬಬಾರದು.

ವಹಿ ದಪ್ಪಗಿದ್ದರೆ ಇನ್ನೊಂದು ದಾರಿ ಇದೆ. ಎಕ್ಸೆಲ್‌ನಂಥ ಕೋಷ್ಟಕದಲ್ಲಿ ಎಲ್ಲವನ್ನೂ ಮೊದಲು ತುಂಬಿ, ‘ಸಿಎಸ್‌ವಿ’ ಎಂಬ ಸರಳ ರೂಪದಲ್ಲಿ ಉಳಿಸಿ, ‘ಇಂಪೋರ್ಟ್ ಡೇಟಾ’ ಎಂಬಲ್ಲಿ ಒಂದೇ ಸಲಕ್ಕೆ ಒಳಗೆ ಕಳಿಸುವುದು. ಸಿಎಸ್‌ವಿ ಎಂದರೆ ಗಾಬರಿಯಾಗಬೇಕಿಲ್ಲ. ಒಂದು ಸಾಲಿನ ಮನೆಗಳನ್ನು ಅಲ್ಪವಿರಾಮದಿಂದ ಬೇರ್ಪಡಿಸಿ ಬರೆದ ಪಟ್ಟಿ, ಅಷ್ಟೇ. ಅದರ ಒಂದು ಮಾದರಿಯಲ್ಲಿ 19 ಮನೆಗಳಿವೆ. ಹಕ್ಕಿಯ ಹೆಸರು, ಎಷ್ಟು ಕಂಡವು, ಸ್ಥಳದ ಹೆಸರು, ಅಕ್ಷಾಂಶ ರೇಖಾಂಶ, ದಿನಾಂಕ, ವೇಳೆ, ರಾಜ್ಯ, ದೇಶ, ನೋಡಿದವರೆಷ್ಟು, ಎಷ್ಟು ಹೊತ್ತು ಹೀಗೆ. ಎಲ್ಲ ಮನೆಗಳನ್ನೂ ತುಂಬಲೇಬೇಕೆಂದಿಲ್ಲ. ಆದರೆ ಕ್ರಮ ತಪ್ಪಬಾರದು. ಖಾಲಿ ಬಿಟ್ಟ ಮನೆ ಖಾಲಿಯಾಗಿಯೇ ತನ್ನ ಜಾಗದಲ್ಲಿ ಇರಬೇಕು. ಮೇಲೆ ತಲೆಬರಹದ ಸಾಲು ಇರಬಾರದು. ಕಡತ ಒಂದು ಎಂಬಿಗಿಂತ ದೊಡ್ಡದಾಗಬಾರದು. ಆದರೆ ಎರಡು ಭಾಗ ಮಾಡಬೇಕು.

ಇಲ್ಲಿ ನಾಲ್ಕು ಕಡೆ ಎಚ್ಚರ ಬೇಕು.

ಮೊದಲನೆಯದು ದಿನಾಂಕ. ನಾವು ದಿನ, ತಿಂಗಳು, ವರ್ಷ ಎಂದು ಬರೆಯುತ್ತೇವೆ. ಇಲ್ಲಿ ತಿಂಗಳು ಮೊದಲು, ದಿನ ಆಮೇಲೆ. 1988ರ ಜನವರಿ 6ರಂದು ಕಂಡ ಹಕ್ಕಿಯನ್ನು ನಮ್ಮ ರೂಢಿಯಂತೆ 06/01/1988 ಎಂದು ಬರೆದರೆ ಅದು ಜೂನ್ 1 ಎಂದಾಗುತ್ತದೆ. ಚಳಿಗಾಲಕ್ಕೆ ಮಾತ್ರ ಬರುವ ಹಕ್ಕಿ ಮುಂಗಾರಿನ ಹೊಸ್ತಿಲಲ್ಲಿ ಬಂದಂತೆ ಲೆಕ್ಕ ಬೀಳುತ್ತದೆ.

ಎರಡನೆಯದು ಹೆಸರು. ನನ್ನ ಬಳಿಯೂ ಬೇರೆ ಬೇರೆ ಊರಿನ ಶಾಖೆಗಳಲ್ಲಿ ಇದ್ದಾಗ ಬರೆದ ಎರಡು ವಹಿಗಳಿದ್ದವು. ಮೊಮ್ಮಗಳು ಟೈಪು ಮಾಡುತ್ತಿದ್ದಳು, ನಾನು ಓದಿ ಹೇಳುತ್ತಿದ್ದೆ. ನಡುವೆ ನಿಲ್ಲಿಸಿ ಕೇಳಿದಳು:

“ಅಜ್ಜಾ, ಇಲ್ಲಿ ಗೊರವಂಕ ಅಂತ ಬರದೀರಿ, ಆಚಿ ಹಾಳ್ಯಾಗ ಮೈನಾ ಅಂತ ಬರದೀರಿ. ಎರಡೂ ಒಂದ ಹಕ್ಕಿ ಏನು, ಬ್ಯಾರೆ ಬ್ಯಾರೇನು?”

“ಒಂದೇ ಐತಿ ಬಿಡವಾ. ಊರ ಬದಲಾತು, ಹೆಸರು ಬದಲಾತು.”

“ಹಂಗಂದ್ರ ಕಂಪ್ಯೂಟರಿಗೆ ಹೆಂಗ ಗೊತ್ತಾಗಬೇಕ್ರಿ?”

ಗೊತ್ತಾಗುವುದಿಲ್ಲ. ಆದ್ದರಿಂದ ಮೊದಲು ಬೇರೆ ಹಾಳೆಯಲ್ಲಿ ಒಂದು ಹೊಂದಾಣಿಕೆ ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ಎಡಗಡೆ ವಹಿಯಲ್ಲಿರುವ ಹೆಸರು, ಬಲಗಡೆ ಪುಸ್ತಕದಲ್ಲಿರುವ ಇಂಗ್ಲಿಷ್ ಅಥವಾ ವೈಜ್ಞಾನಿಕ ಹೆಸರು. ಹೊಂದದ ಹೆಸರುಗಳನ್ನು ಇ-ಬರ್ಡ್ ತಾನೇ ಎತ್ತಿ ತೋರಿಸಿ, ಇದು ಯಾವ ಹಕ್ಕಿ, ಆರಿಸಿ ಹೇಳಿ ಎಂದು ಕೇಳುತ್ತದೆ. ಬರೀ ‘ಹದ್ದು’ ಎಂದು ಬರೆದಿದ್ದರೆ ಯಾವ ಹದ್ದೆಂದು ಈಗ ಊಹಿಸಬಾರದು. ಗುಂಪಿನ ಹೆಸರಿನಲ್ಲೇ ಬಿಡಬೇಕು, ಇಲ್ಲವೇ ಕೈಬಿಡಬೇಕು.

ಮೂರನೆಯದು ಸಂಖ್ಯೆ. ಎಷ್ಟು ಎಂದು ಬರೆದಿಲ್ಲದಿದ್ದರೆ ಇಂಗ್ಲಿಷಿನ ‘ಎಕ್ಸ್’ ಅಕ್ಷರ ಹಾಕಬೇಕು. ‘ಇತ್ತು, ಎಷ್ಟೆಂದು ಎಣಿಸಿಲ್ಲ’ ಎಂಬುದು ಅದರ ಅರ್ಥ. ಅಂದಾಜಿನ ಅಂಕಿಗಿಂತ ಆ ಪ್ರಾಮಾಣಿಕ ಗುರುತು ಹೆಚ್ಚು ಬಾಳುತ್ತದೆ.

ನಾಲ್ಕನೆಯದು ಸ್ಥಳ. ಯಮಕನಮರಡಿಯಿಂದ ಬಸ್ಸಿನಲ್ಲಿ ಬೆಳಗಾವಿಗೆ ಹೋಗುತ್ತ ಕಿಟಕಿಯಿಂದ ಕಂಡದ್ದನ್ನೆಲ್ಲ ಒಂದೇ ಪಟ್ಟಿಯಲ್ಲಿ ತುರುಕಿದರೆ ಯಾವ ಹಕ್ಕಿ ಎಲ್ಲಿತ್ತೆಂದು ತಿಳಿಯುವುದಿಲ್ಲ. ಒಂದು ಜಾಗ, ಒಂದು ದಿನ, ಒಂದು ಪಟ್ಟಿ: ಇದೇ ಒಳ್ಳೆಯ ನಿಯಮ.

ಇನ್ನೊಂದು ಮಾತು. ತೀರಿಕೊಂಡ ಅಜ್ಜನ ವಹಿಯನ್ನು ಮೊಮ್ಮಕ್ಕಳು ಸೇರಿಸುವುದಾದರೆ ತಮ್ಮ ಖಾತೆಗೆ ಹಾಕಿಕೊಳ್ಳದೆ ಅಜ್ಜನ ಲೆಕ್ಕಕ್ಕೆಂದೇ ಬೇರೆ ಖಾತೆ ತೆರೆಯುವುದು ಸರಿ. ನೋಡಿದವರು ಅವರು. ಲೆಕ್ಕ ಅವರ ಹೆಸರಿನಲ್ಲೇ ಇರಲಿ.

ಹೀಗೆ ಯಾರು ಏನು ಬೇಕಾದರೂ ತುಂಬಿದರೆ ಗತಿ ಏನು ಎಂಬ ಅನುಮಾನ ಸಹಜ. ಬ್ಯಾಂಕಿನಲ್ಲಿ ಗುಮಾಸ್ತ ಬರೆದದ್ದನ್ನು ಅಧಿಕಾರಿ ತಾಳೆ ನೋಡಿ ಸಹಿ ಹಾಕುವಂತೆ ಇಲ್ಲಿಯೂ ಒಂದು ತಪಾಸಣೆ ಇದೆ. ಆ ಸ್ಥಳಕ್ಕೆ, ಆ ತಿಂಗಳಿಗೆ ಹೊಂದದ ಹಕ್ಕಿಯನ್ನೋ ಸಂಖ್ಯೆಯನ್ನೋ ಯಂತ್ರ ಗುರುತು ಮಾಡುತ್ತದೆ. ಆಯಾ ಪ್ರದೇಶದ ಅನುಭವಿ ಹಕ್ಕಿವೀಕ್ಷಕರು ಸಂಬಳವಿಲ್ಲದೆ ಅವನ್ನು ಪರಿಶೀಲಿಸಿ, ಬೇಕಾದರೆ ಪತ್ರ ಬರೆದು ವಿವರ ಕೇಳುತ್ತಾರೆ. ಆಗ ಹಳೆಯ ವಹಿಯ ಪುಟವೇ ಆಧಾರ. ಆದ್ದರಿಂದ ಟೈಪು ಮಾಡಿ ಮುಗಿಯಿತೆಂದು ವಹಿಯನ್ನು ಎಸೆಯಬಾರದು.

ತೆರೆದು ನೋಡಿದರೆ

ಸೇರಿಸುವುದು ಅರ್ಧ ಕೆಲಸ. ಸಂತೋಷ ಇರುವುದು ತೆರೆದು ನೋಡುವುದರಲ್ಲಿ. ಅದಕ್ಕೆ ‘ಎಕ್ಸ್‌ಪ್ಲೋರ್’ ಎಂಬ ಬಾಗಿಲಿದೆ.

ನಮ್ಮ ಸೀಮೆಯದೇ ಉದಾಹರಣೆ ನೋಡೋಣ. ಗೋಕಾಕ ಬಳಿಯ ಧೂಪದಾಳದಲ್ಲಿ ಘಟಪ್ರಭಾ ನದಿಗೆ ಬ್ರಿಟಿಷರ ಕಾಲದಲ್ಲಿ ಕಟ್ಟಿದ ಒಡ್ಡು ಇದೆ. ಅದರ ಹಿನ್ನೀರಿನ ಸುತ್ತಲಿನ ಪ್ರದೇಶ 1974ರಲ್ಲಿ ಘಟಪ್ರಭಾ ಪಕ್ಷಿಧಾಮವಾಯಿತು. ವಿಸ್ತೀರ್ಣ ಸುಮಾರು 29.78 ಚದರ ಕಿಲೋಮೀಟರು. ಮಧ್ಯ ಏಷ್ಯಾ, ಮಂಗೋಲಿಯದ ಬಯಲುಗಳಲ್ಲಿ ಮರಿ ಮಾಡುವ ಡೆಮೊಸೆಲ್ ಕ್ರೇನ್ ಎಂಬ ಬೂದುಬಣ್ಣದ ಕ್ರೌಂಚಗಳು ಚಳಿಗಾಲಕ್ಕೆ ಇಲ್ಲಿಗೆ ಬರುತ್ತವೆ. ಇವುಗಳ ಕೆಲವು ಹಿಂಡುಗಳು ಹಿಮಾಲಯವನ್ನೇ ದಾಟಿ ಭಾರತಕ್ಕೆ ಇಳಿಯುತ್ತವೆ.

ಎಕ್ಸ್‌ಪ್ಲೋರ್‌ನಲ್ಲಿ ‘ಬಾರ್ ಚಾರ್ಟ್’ ತೆರೆದು ಜಿಲ್ಲೆಯನ್ನೋ ಒಂದು ತಾಣವನ್ನೋ ಆರಿಸಿದರೆ ಎಡಗಡೆ ಹಕ್ಕಿಗಳ ಹೆಸರು, ಬಲಗಡೆ ಜನವರಿಯಿಂದ ಡಿಸೆಂಬರ್‌ವರೆಗೆ ಹಸಿರು ಪಟ್ಟಿ ಕಾಣುತ್ತದೆ. ಪಟ್ಟಿ ದಪ್ಪಗಿದ್ದರೆ ಆ ವಾರಗಳಲ್ಲಿ ಹಕ್ಕಿ ಹೆಚ್ಚು ಪಟ್ಟಿಗಳಲ್ಲಿ ಕಂಡಿದೆ ಎಂದರ್ಥ, ತೆಳ್ಳಗಿದ್ದರೆ ಕಡಿಮೆ. ಊರ ಕಾಗೆ, ಗೊರವಂಕಗಳ ಗೆರೆ ವರ್ಷವಿಡೀ ಹರಿದಿರುತ್ತದೆ. ವಲಸೆ ಹಕ್ಕಿಗಳ ಗೆರೆ ಚಳಿಗಾಲ ಮುಗಿಯುತ್ತಲೇ ತುಂಡಾಗುತ್ತದೆ. ಭೂಗೋಳದ ಪಾಠದಲ್ಲಿ ‘ವಲಸೆ’ ಎಂಬ ಶಬ್ದವನ್ನು ಬಾಯಿಪಾಠ ಮಾಡುವ ಮಕ್ಕಳಿಗೆ ಈ ತುಂಡು ಗೆರೆಯನ್ನು ಒಮ್ಮೆ ತೋರಿಸಿದರೆ ಸಾಕು, ಅರ್ಥವಾಗುತ್ತದೆ.

‘ಸ್ಪೀಸೀಸ್ ಮ್ಯಾಪ್’ ಇನ್ನೂ ಸ್ವಾರಸ್ಯದ್ದು. ನೀಲಕಂಠ ಎಂದು ಕೇಳಿದರೆ ನಕಾಶೆ ಚೌಕ ಚೌಕವಾಗಿ ತುಂಬಿಕೊಳ್ಳುತ್ತದೆ. ನೇರಳೆ ಚೌಕ ಎಂದರೆ ಅಲ್ಲಿ ನೀಲಕಂಠ ಕಂಡಿದೆ. ಬಣ್ಣ ಗಾಢವಾದಷ್ಟೂ ಹೆಚ್ಚು ಸಲ ಕಂಡಿದೆ. ಬೂದು ಚೌಕ ಎಂದರೆ ಅಲ್ಲಿ ಜನ ಹಕ್ಕಿ ನೋಡಿದ್ದಾರೆ, ಆದರೆ ನೀಲಕಂಠ ವರದಿಯಾಗಿಲ್ಲ. ಯಾವ ಬಣ್ಣವೂ ಇಲ್ಲದಿದ್ದರೆ ಅಲ್ಲಿಂದ ಯಾರೂ ಲೆಕ್ಕವನ್ನೇ ಕಳಿಸಿಲ್ಲ. ಇನ್ನೂ ಹತ್ತಿರಕ್ಕೆ ಸರಿದರೆ ಒಂದೊಂದು ಗುರುತನ್ನು ಒತ್ತಿ, ಯಾವ ದಿನ ಎಷ್ಟು ಕಂಡವೆಂದು ಓದಬಹುದು. ವರ್ಷ, ತಿಂಗಳು ಆರಿಸಿ ಅಂದಿನ ನಕಾಶೆ, ಇಂದಿನ ನಕಾಶೆ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬಹುದು.

ಬೂದು ಬಣ್ಣಕ್ಕೂ ಖಾಲಿ ಜಾಗಕ್ಕೂ ಇರುವ ಈ ಅಂತರವನ್ನು ಮಕ್ಕಳು ಚೆನ್ನಾಗಿ ಮನಸ್ಸಿಗೆ ತಂದುಕೊಳ್ಳಬೇಕು. ‘ಇಲ್ಲ’ ಎನ್ನುವುದು ಬೇರೆ, ‘ಗೊತ್ತಿಲ್ಲ’ ಎನ್ನುವುದು ಬೇರೆ. ಹಕ್ಕಿ ನೋಡುವವರು ಧೂಪದಾಳದ ಹಿನ್ನೀರಿಗೆ ಹೋಗುತ್ತಾರೆ, ಹಿಡಕಲ್ ಜಲಾಶಯದ ದಂಡೆಗೆ ಹೋಗುತ್ತಾರೆ. ಕಬ್ಬು, ಸೋಯಾಬೀನ್, ಶೇಂಗಾ ಬೆಳೆಯುವ ಸಾಮಾನ್ಯ ಹೊಲಕ್ಕೆ, ಊರ ಹೊರಗಿನ ಕುರುಚಲು ಗುಡ್ಡಕ್ಕೆ, ದನ ಮೇಯುವ ಗಾಯರಾಣಕ್ಕೆ ಹೋಗುವವರು ಕಡಿಮೆ. ನೀಲಕಂಠ, ಟಿಟ್ಟಿಭ, ಕೌಜುಗ ಬದುಕುವುದು ಅಲ್ಲಿಯೇ. ಹೀಗಾಗಿ ಪಕ್ಷಿಧಾಮದ ಖಾತೆ ತುಂಬುತ್ತದೆ, ಪಕ್ಕದ ಹಳ್ಳಿಯ ಖಾತೆ ಖಾಲಿ ಉಳಿಯುತ್ತದೆ.

ಕಾಣದ ಹಕ್ಕಿಗೂ ಲೆಕ್ಕವಿದೆ

ಪಟ್ಟಿ ಕೊಡುವಾಗ ಇ-ಬರ್ಡ್ ಒಂದು ಪ್ರಶ್ನೆ ಕೇಳುತ್ತದೆ: ‘ನೀವು ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ?’ ಹೌದು ಎಂದರೆ ಅದು ಸಂಪೂರ್ಣ ಪಟ್ಟಿ. ಮೇಲ್ನೋಟಕ್ಕೆ ಸಣ್ಣ ಪ್ರಶ್ನೆ. ಲೆಕ್ಕದ ಜೀವ ಇರುವುದು ಇದರಲ್ಲೇ.

ಒಂದು ಊಹೆಯ ಲೆಕ್ಕ ಮಾಡೋಣ. ನಿಮ್ಮ ಶಾಲೆಯವರು ಒಂದು ವರ್ಷ 20 ಸಂಪೂರ್ಣ ಪಟ್ಟಿ ಮಾಡಿದ್ದಾರೆ. ಅವುಗಳಲ್ಲಿ 14ರಲ್ಲಿ ನೀಲಕಂಠ ಇದೆ. ಅಂದರೆ ನೂರಕ್ಕೆ 70. ಹತ್ತು ವರ್ಷ ಬಿಟ್ಟು ಅದೇ ಜಾಗದಲ್ಲಿ ಅದೇ ತಿಂಗಳುಗಳಲ್ಲಿ ಮತ್ತೆ 20 ಪಟ್ಟಿ ಮಾಡಿದಾಗ 8ರಲ್ಲಿ ಮಾತ್ರ ಇದೆ. ನೂರಕ್ಕೆ 40. ಹಕ್ಕಿ ವಿರಳವಾಗುತ್ತಿದೆ ಎಂದು ಹೇಳಲು ಈಗ ಒಂದು ಆಧಾರ ಸಿಕ್ಕಿತು. ಕಾಗೆ, ಗುಬ್ಬಿ ಏನು ಬರೆಯುವುದೆಂದು ಬಿಟ್ಟು ಅಪರೂಪದವನ್ನು ಮಾತ್ರ ಬರೆದಿದ್ದರೆ ಈ ಲೆಕ್ಕ ಬರುತ್ತಿರಲಿಲ್ಲ. ಬರೆಯದ ಹಕ್ಕಿ ಕಾಣಲಿಲ್ಲವೋ, ಕಂಡರೂ ಬರೆಯಲಿಲ್ಲವೋ ಯಾರಿಗೆ ಗೊತ್ತು? ದೇಶದ ವರದಿ ತಯಾರಾಗುವುದೂ ಮೂಲದಲ್ಲಿ ಇದೇ ಐದನೇ ಇಯತ್ತೆಯ ಶೇಕಡಾ ಲೆಕ್ಕದಿಂದ. ಅವರು ಇನ್ನೂ ಹಲವು ಬಗೆಯಲ್ಲಿ ಸೋಸಿ ನೋಡುತ್ತಾರೆ, ಅಷ್ಟೇ.

ಇಂಥ ಲೆಕ್ಕ ನಮ್ಮ ಬಾಯಿಮಾತನ್ನು ತಿದ್ದುವುದೂ ಉಂಟು. ಗುಬ್ಬಚ್ಚಿ ಎಲ್ಲ ಕಡೆಯೂ ನಾಶವಾಗುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. 2020ರಲ್ಲಿ ಬಂದ ಇದೇ ಸರಣಿಯ ವರದಿಯ ಪ್ರಕಾರ ದೊಡ್ಡ ಮಹಾನಗರಗಳಲ್ಲಿ ಗುಬ್ಬಿ ಇಳಿಮುಖವಾಗಿರುವುದು ನಿಜ. ಆದರೆ ಇಡೀ ದೇಶದ ಲೆಕ್ಕದಲ್ಲಿ ಹೆಚ್ಚುಕಡಿಮೆ ಸ್ಥಿರವಾಗಿದೆ. ನಾವು ಗುಬ್ಬಿಗಾಗಿ ಮರುಗುತ್ತಿದ್ದಾಗ, ಯಾರೂ ಹೆಸರೆತ್ತದ ನೀಲಕಂಠ ಸದ್ದಿಲ್ಲದೆ ಕಡಿಮೆಯಾಗುತ್ತಿತ್ತು. ಎಣಿಸದಿದ್ದರೆ ಇದು ತಿಳಿಯುತ್ತಿರಲಿಲ್ಲ.

ನಮ್ಮ ರಾಜ್ಯದಲ್ಲಿಯೇ ಮೈಸೂರಿನ ಹಕ್ಕಿಪ್ರಿಯರು 2014ರಿಂದ 2016ರವರೆಗೆ ಇಡೀ ನಗರವನ್ನು ಚೌಕಗಳಾಗಿ ಹಂಚಿಕೊಂಡು ಎಣಿಸಿ ‘ಪಕ್ಷಿ ಅಟ್ಲಾಸ್’ ಮಾಡಿದರು. ಚೆನ್ನಾಗಿರುವ ಕೆರೆಗೆ ಮಾತ್ರ ಹೋಗದೆ ಪಾಲಿಗೆ ಬಂದ ಚೌಕಕ್ಕೆ ಹೋಗಬೇಕೆಂಬುದು ಅದರ ನಿಯಮ. ಒಂದು ಶಾಲೆ ಮನಸ್ಸು ಮಾಡಿದರೆ ತನ್ನ ಊರಿಗೆ ಸಣ್ಣ ಪ್ರಮಾಣದಲ್ಲಿ ಇದನ್ನೇ ಮಾಡಬಹುದು. ಕೆರೆ ಒಂದು ಗುಂಪಿಗೆ, ಗುಡ್ಡ ಒಂದು ಗುಂಪಿಗೆ, ಸಂತೆಪೇಟೆ ಇನ್ನೊಂದು ಗುಂಪಿಗೆ.

ಮನೆಯವರೆಲ್ಲ ಸೇರಿ

ಇದು ಒಬ್ಬರಿಂದ ಆಗುವ ಕೆಲಸವಲ್ಲ. ಹಿರಿಯರಿಗೆ ವಹಿಯ ಅಕ್ಷರ, ಅಂದಿನ ಜಾಗ, ಹಕ್ಕಿಯ ಹೆಸರು ಗೊತ್ತು. ಕಂಪ್ಯೂಟರಿನ ಕೀಲಿ ಗೊತ್ತಿಲ್ಲ. ಮಕ್ಕಳಿಗೆ ಕೀಲಿ ಗೊತ್ತು. ನಲವತ್ತು ವರ್ಷಗಳ ಹಿಂದೆ ಊರ ಮುಂದಿನ ಹುಣಸೆಮರ ಎಲ್ಲಿತ್ತೆಂದು ಗೊತ್ತಿಲ್ಲ. ಇಬ್ಬರೂ ಒಂದೇ ಮೇಜಿಗೆ ಕೂತರೆ ಕೆಲಸ ಆಗುತ್ತದೆ. ಎಳೆಯ ಮಕ್ಕಳು ತಂದೆ-ತಾಯಿಯ ಖಾತೆಯಲ್ಲಿ, ಅವರ ಎದುರಿನಲ್ಲೇ ಮಾಡಬೇಕು. ಮನೆಯ ವಿಳಾಸವನ್ನು ಜಗಜ್ಜಾಹೀರು ಮಾಡಬೇಕಿಲ್ಲ, ಊರಿನ ಹೆಸರಷ್ಟೇ ಸಾಕು. ಗೂಡಿನ ಹತ್ತಿರ ಹೋಗಬಾರದು. ಬೇಟೆಯ ಭಯವಿರುವ ಹಕ್ಕಿಗಳ ನಿಖರ ಜಾಗವನ್ನು ಇ-ಬರ್ಡ್ ತಾನೇ ಮರೆಮಾಡುತ್ತದೆ, ನಾವೂ ಬಾಯಿಬಿಡಬಾರದು.

ವಹಿ ಇಲ್ಲದ ಮನೆಯವರು ಇಂದಿನಿಂದಲೇ ಶುರು ಮಾಡಬಹುದು. ಪ್ರತಿವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ‘ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್’ ಎಂಬ ಹಕ್ಕಿ ಎಣಿಕೆ ನಡೆಯುತ್ತದೆ. ಭಾರತ 2013ರಿಂದ ಅದರಲ್ಲಿ ಇದೆ. ಹದಿನೈದು ನಿಮಿಷ ಒಂದೆಡೆ ನಿಂತು ಕಂಡ, ಕೇಳಿದ ಹಕ್ಕಿಗಳನ್ನೆಲ್ಲ ಬರೆದರೆ ಒಂದು ಪಟ್ಟಿಯಾಗುತ್ತದೆ. ದುರ್ಬೀನು ಬೇಕೇ ಬೇಕೆಂದಿಲ್ಲ. ಗುರುತು ಹತ್ತದ ಹಕ್ಕಿಯನ್ನು ಬಿಟ್ಟರೂ ತಪ್ಪಿಲ್ಲ. ಗೊತ್ತಿರುವ ಐದೇ ಹಕ್ಕಿ ಬರೆದರೂ ಅದು ಪಟ್ಟಿಯೇ.

ಈ ರವಿವಾರ ಅಟ್ಟ ಹತ್ತಿ ಆ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಿ. ವಹಿಯಲ್ಲಿ ಒಂದು ಹಕ್ಕಿಯ ಹೆಸರು, ಒಂದು ಊರು, ಒಂದು ಪೂರ್ತಿ ದಿನಾಂಕ, ಈ ಮೂರು ಸೇರಿರುವ ಪುಟ ಸಿಕ್ಕರೆ ಮೊದಲು ಮೊಬೈಲಿನಲ್ಲಿ ಅದರ ಫೋಟೋ ತೆಗೆದಿಡಿ. ಬರೆದವರು ಇನ್ನೂ ಇದ್ದರೆ ಅವರ ಪಕ್ಕ ಕುಳಿತು ಓದಿಸಿಕೊಳ್ಳಿ. ಟೈಪು ಮಾಡುವುದು ಮುಂದಿನ ವಾರವಾದರೂ ನಡೆಯುತ್ತದೆ. ಓದಿ ಹೇಳುವವರು ಮಾತ್ರ ಎಷ್ಟು ದಿನ ಇರುತ್ತಾರೆಂದು ಹೇಳಲು ಬಾರದು.